ಇಲಿ ಕುಡಿದದ್ದು ಗಿಂಕ್ಗೋ, ನಾವು ಮಾರುವುದು ಮುರುಗಲು

ಲೇಬಲ್ ಮೇಲೆ ಎರಡು ಬೆರಳಷ್ಟು ಜಾಗ ಖಾಲಿ ಕಂಡರೂ ನಮ್ಮ ಯಜಮಾನರಿಗೆ ನಿದ್ದೆ ಬರುವುದಿಲ್ಲ. ಶಿರಸಿ ಹತ್ತಿರದ ಸಣ್ಣ ಘಟಕ ನಮ್ಮದು. ಮುರುಗಲು (ಕೋಕಂ) ಸಿರಪ್, ನೆಲ್ಲಿ ಸಿರಪ್, ಒಣಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ. ನಾನು ಅಲ್ಲಿ ಕ್ಯೂಸಿ, ಅಂದರೆ ಗುಣಮಟ್ಟ ನೋಡುವವಳು. ಬ್ರಿಕ್ಸ್ (ಸಕ್ಕರೆಯ ಅಳತೆ) ನೋಡು, ಆಸಿಡಿಟಿ ನೋಡು, ಸಿಒಎ (ಗುಣಮಟ್ಟದ ಪ್ರಮಾಣಪತ್ರ) ಬರೆ, ಅಚ್ಚಿಗೆ ಮುಂಚಿನ ಲೇಬಲ್ ಪ್ರೂಫ್‌ಗೆ ಸಹಿ ಹಾಕು. ಕರೆಂಟ್ ಹೋದರೆ ಜನರೇಟರಿಗೆ ಡೀಸೆಲ್ ಇದೆಯಾ ಅಂತಾನೂ ನಾನೇ ನೋಡಬೇಕು.

ಕಳೆದ ಮಳೆಗಾಲ ಒಂದು ಪ್ರೂಫ್ ಬಂತು. ಒಂದು ಕಡೆ ಮಿದುಳು, ಇನ್ನೊಂದು ಕಡೆ ಮೊಬೈಲ್ ಟವರ್, ನಡುವೆ ಗುರಾಣಿ ಹಿಡಿದು ನಿಂತ ಮುರುಗಲು ಹಣ್ಣು. ಕೆಳಗೆ ಕೆಂಪಕ್ಷರದಲ್ಲಿ, ‘ಮೊಬೈಲ್ ವಿಕಿರಣದಿಂದ ಮಿದುಳಿಗೆ ರಕ್ಷಣೆ’.

ಇದರ ಬೀಜ ಬಿತ್ತಿದವಳು ನಾನೇ. ಬೇಸಿಗೆಯಲ್ಲಿ ಹೊಸ ಬ್ಯಾಚಿಗೆ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ಡಿಪಿಪಿಎಚ್ ಟೆಸ್ಟ್ ಮಾಡುವಾಗ ಯಜಮಾನರನ್ನು ಲ್ಯಾಬಿಗೆ ಕರೆದಿದ್ದೆ. ಮೆಥನಾಲಿನಲ್ಲಿ ಕರಗಿಸಿದ ಡಿಪಿಪಿಎಚ್ ಗಾಢ ನೇರಳೆ ಬಣ್ಣ. ಸಾರದ ನಾಲ್ಕು ಹನಿ ಬಿದ್ದರೆ ಬಣ್ಣ ಇಳಿಯುತ್ತಾ ಹಳದಿಗೆ ತಿರುಗುತ್ತದೆ. ನೋಡಲು ಚೆಂದ. ಅವರು ವಿಡಿಯೋ ಮಾಡಿಕೊಂಡು ಎಲ್ಲಾ ಗ್ರೂಪಿಗೂ ಹಾಕಿದರು. ಅದನ್ನು ಓದುವುದು 517 ನ್ಯಾನೋಮೀಟರಿನಲ್ಲಿ, ಮುರುಗಲಿನ ಕೆಂಪು ಬಣ್ಣದ ವಸ್ತು ಆಂಥೋಸಯಾನಿನ್ ಕೂಡ ಹೆಚ್ಚುಕಮ್ಮಿ ಅಲ್ಲೇ ಬೆಳಕು ಹೀರುತ್ತದೆ, ಸ್ಯಾಂಪಲ್ ಬ್ಲ್ಯಾಂಕ್ (ಸಾರದ ಸ್ವಂತ ಬಣ್ಣದ ರೀಡಿಂಗ್) ಕಳೆಯದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ. ಇದನ್ನೆಲ್ಲಾ ಹೇಳುವಷ್ಟರಲ್ಲಿ ಅವರು ಹೊರಗೆ ಹೋಗಿ ಆಗಿತ್ತು.

ಪ್ರೂಫ್ ನೋಡಿ ಜಗಳ ಆಡಲಿಲ್ಲ. ಜಾಣತನ ಮಾಡಲು ಹೋದೆ. 2004ರ ಒಂದು ಪೇಪರ್ ಪ್ರಿಂಟ್ ತೆಗೆದೆ. ಟರ್ಕಿಯ ಸಂಶೋಧಕರು ಇಲಿಗಳಿಗೆ 900 ಮೆಗಾಹರ್ಟ್ಸ್ ಫೋನಿನ ಅಲೆ ತಾಗಿಸಿ, ಕೆಲವಕ್ಕೆ ಗಿಂಕ್ಗೋ ಅನ್ನುವ ಮರದ ಎಲೆಯ ಸಾರ ಕೊಟ್ಟಿದ್ದರು. ಅಲೆ ಮಾತ್ರ ತಾಗಿದ ಇಲಿಗಳ ಮಿದುಳಿನಲ್ಲಿ ಜೀವಕೋಶದ ಹಾನಿ ತೋರಿಸುವ ಎಂಡಿಎ ಏರಿತ್ತು, ಹಾನಿ ತಡೆಯುವ ಎಸ್ಒಡಿಯಂಥ ಕಿಣ್ವಗಳು ಇಳಿದಿದ್ದವು. ಸಾರ ಕುಡಿದವುಗಳಲ್ಲಿ ಅಷ್ಟು ವ್ಯತ್ಯಾಸ ಇರಲಿಲ್ಲ. ಆ ಸಾಲಿಗೆ ಹಳದಿ ಹೈಲೈಟರ್ ಎಳೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಇಲಿ! ಗಿಂಕ್ಗೋ!’ ಅಂತ ಬರೆದು ಅವರ ಟೇಬಲ್ ಮೇಲಿಟ್ಟೆ. ನೋಡಿ ಸರ್, ಪುರಾವೆ ಇರುವುದು ಇಲಿಯದ್ದು, ಅದೂ ಬೇರೆ ಗಿಡದ್ದು ಅಂತ ನನ್ನ ಅರ್ಥ. ಅವರು ಓದಿದ್ದು ಹಳದಿ ಸಾಲು ಮಾತ್ರ.

ಅದು ಗೊತ್ತಾದದ್ದು ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರ್ ಬಂದ ದಿನ. ಆಫೀಸಿನಲ್ಲಿ ಮೂವರೇ ಕೂತಿದ್ದೆವು. ಯಜಮಾನರು ಡ್ರಾಯರಿನಿಂದ ನನ್ನದೇ ಪ್ರಿಂಟ್ ತೆಗೆದು ಅವರ ಮುಂದಿಟ್ಟರು. "ನಮ್ಮ ಕ್ಯೂಸಿಯವ್ರೇ ಹುಡುಕಿ ಕೊಟ್ಟಿದ್ದು. ಹೌದಲ್ವಾ ತಂಗಿ? ಹಳದಿ ನೀನೇ ಹಾಕಿದ್ದಲ್ವಾ?"

ಹೌದು, ಹಳದಿ ನಾನೇ ಹಾಕಿದ್ದು. ಇಲ್ಲ ಅಂದರೆ ಹೊರಗಿನವರ ಎದುರು ಯಜಮಾನರ ಮರ್ಯಾದೆ ಹೋಗುತ್ತದೆ. ಹೂಂ ಅಂದರೆ ಪ್ರೂಫ್‌ಗೆ ಸಹಿ ಹಾಕಿದಂತೆ. ಡಿಸ್ಟ್ರಿಬ್ಯೂಟರ್ ಕನ್ನಡಕ ಏರಿಸಿ ಓದತೊಡಗಿದರು. ಪೆನ್ಸಿಲ್ ಅಕ್ಷರದ ಹತ್ತಿರ ಅವರ ಬೆರಳು ನಿಂತಿತು. "ಇದೇನ್ರೀ, ಇಲಿ ಅಂತ ಬರ್ದಿದ್ದೀರಿ?"

"ಪ್ರಯೋಗ ಇಲಿ ಮೇಲೆ ಮಾಡಿದ್ದು ಸರ್" ಅಂದೆ. ಅಷ್ಟೇ ಬಾಯಿಗೆ ಬಂದದ್ದು.

"ಮಾಡ್ಲಿ ಬಿಡಿ. ಕಾರವಾರದ ಕಡೆ ಅಂಗಡಿಗೆ ಇದು ಚಲೋ ಹೋಗ್ತದ. ಕೈಗಾ ಅಲ್ಲೇ ಐತಲ್ಲ, ಅದನ್ನೂ ಸೇರಿಸ್ರಿ."

ಯಜಮಾನರು ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡರು! ಆಗ ನನ್ನ ಬಾಯಿ ಬಿಟ್ಟಿತು. ಅಣುಸ್ಥಾವರದ ಒಳಗಿನ ವಿಕಿರಣ ಬೇರೆ ಜಾತಿ, ಅದು ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕಬಲ್ಲದು. ಫೋನಿನ ಅಲೆಗೆ ಆ ತಾಕತ್ತಿಲ್ಲ. ಅದರಿಂದ ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿ, ಆ ಬಿಸಿಗೆ ಮಿತಿ ಇದೆ. ಡಿಸ್ಟ್ರಿಬ್ಯೂಟರ್ ಫೋನಿನಲ್ಲಿ ಸ್ಟಾರ್ ಹ್ಯಾಷ್ ಸೊನ್ನೆ ಏಳು ಹ್ಯಾಷ್ ಒತ್ತಿಸಿದೆ. ಎಸ್ಎಆರ್, ಅಂದರೆ ಮೈ ಎಷ್ಟು ಅಲೆ ಹೀರುತ್ತದೆ ಅನ್ನುವ ಅಂಕಿ ಬಂತು. ನಮ್ಮ ದೇಶದ ಮಿತಿ ಕಿಲೋಗೆ 1.6 ವ್ಯಾಟ್, ಅವರ ಫೋನ್ ಅದರ ಕೆಳಗೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 2024ರ ವಿಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಅಂತಾನೂ ಹೇಳಿದೆ.

"ಮತ್ತೆ ಕ್ಯಾನ್ಸರ್ ಪಟ್ಟಿಯಲ್ಲಿ ಫೋನ್ ಉಂಟು ಅಂತ ಓದಿದ್ನಲ್ಲ?" ಯಜಮಾನರು ಬಿಡಲಿಲ್ಲ.

ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2011ರಲ್ಲಿ ರೇಡಿಯೋ ಅಲೆಗಳನ್ನು 2ಬಿ ಗುಂಪಿಗೆ ಹಾಕಿತು. ಸಾಧ್ಯತೆ ಇರಬಹುದು, ಪುರಾವೆ ಸಾಲದು ಅನ್ನುವ ಗುಂಪು ಅದು. ತಮಾಷೆ ಏನೆಂದರೆ, ಆಮೇಲೆ ಗಿಂಕ್ಗೋ ಸಾರವನ್ನೂ ಅದೇ 2ಬಿಗೆ ಹಾಕಿದರು. ಇಲಿಗೆ ತಾಗಿಸಿದ್ದೂ ಕುಡಿಸಿದ್ದೂ ಒಂದೇ ಪಟ್ಟಿಯಲ್ಲಿ! ಇದನ್ನು ಹೇಳಿದಾಗ ಡಿಸ್ಟ್ರಿಬ್ಯೂಟರ್ ನಕ್ಕರು. ಯಜಮಾನರು ನಗಲಿಲ್ಲ.

ಆಮೇಲೆ ವ್ಯಾಪಾರಿಯೇ ಸರಿಯಾದ ಪ್ರಶ್ನೆ ಕೇಳಿದರು. "ಅದಿರ್ಲಿ, ದಿನಕ್ಕ ಎಷ್ಟು ಕುಡೀಬೇಕು? ಬಾಟ್ಲಿ ಮ್ಯಾಲೆ ಡೋಸ್ ಹಾಕ್ರಿ."

ಪ್ರಿಂಟಿನ ಹಿಂಬದಿಯಲ್ಲೇ ಲೆಕ್ಕ ಬರೆದೆ. ಇಲಿಗೆ ಕಿಲೋಗೆ 100 ಮಿಲಿಗ್ರಾಂ ಯಾವುದೋ ಸಾರ ಕೊಟ್ಟರು ಅಂತಿಟ್ಟುಕೊಳ್ಳಿ. ಮನುಷ್ಯರಿಗೆ ಹೊಂದಿಸಲು 6.2ರಿಂದ ಭಾಗಿಸುವುದು ರೂಢಿ. 60 ಕಿಲೋ ತೂಕದವರಿಗೆ ಹತ್ತಿರ ಹತ್ತಿರ ಒಂದು ಗ್ರಾಂ. ಅದೂ ಸಾಂದ್ರ ಮಾಡಿದ ಸಾರ. ನಮ್ಮ ಬಾಟಲಿಯಲ್ಲಿ ಇರುವುದು 65 ಬ್ರಿಕ್ಸ್ ಸಿರಪ್. ಮುರುಗಲಿನ ಗಾರ್ಸಿನಾಲ್ ಅನ್ನುವ ಆಂಟಿಆಕ್ಸಿಡೆಂಟ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದರೆ ಅದು ಸಿಪ್ಪೆಯಲ್ಲಿರುವ ಜಿಡ್ಡಿನ ಜಾತಿಯ ವಸ್ತು, ನೀರಿಗೆ ಸರಿಯಾಗಿ ಇಳಿಯುವುದೇ ಇಲ್ಲ. ಇಳಿಯುವುದು ಕೆಂಪು ಆಂಥೋಸಯಾನಿನ್. ಕುಡಿದ ಮೇಲೆ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಮಿದುಳಿನ ಬಾಗಿಲು ಇನ್ನೂ ಬಿಗಿ. ಖಚಿತವಾಗಿ ಒಳಗೆ ಹೋಗುವುದು ಸಕ್ಕರೆ. ಲೋಟಕ್ಕೆ 30 ಎಂಎಲ್ ಸಿರಪ್ ಹಾಕಿದರೆ ಸುಮಾರು 25 ಗ್ರಾಂ. ಎರಡು ಲೋಟಕ್ಕೆ ದಿನದ 50 ಗ್ರಾಂ ಮಿತಿ ಮುಗಿಯಿತು.

ಕಿಟಕಿ ಪಕ್ಕ ಇಟ್ಟಿದ್ದ ರಿಟೆನ್ಷನ್ ಸ್ಯಾಂಪಲ್ (ಬ್ಯಾಚಿನಿಂದ ಎತ್ತಿಟ್ಟ ಬಾಟಲಿ) ಎರಡು ತಂದು ಟೇಬಲ್ ಮೇಲಿಟ್ಟೆ. ಕಪಾಟಿನೊಳಗಿನದು ಒಂದು ತಂದೆ. ಒಂದೇ ಬ್ಯಾಚ್. ಕಪಾಟಿನದು ದಾಸವಾಳದಷ್ಟು ಕೆಂಪು. ಕಿಟಕಿಯವು ಮೇಲಿಂದ ಕೆಳಗೆ ಕಂದು ತಿರುಗಿ, ತಳದಲ್ಲಿ ಚೂರು ಗಷ್ಟು ಕೂತಿತ್ತು. ಬೆಳಕು, ಬಿಸಿ ತಾಗಿದರೆ ಆಂಥೋಸಯಾನಿನ್ ಹೀಗೇ ಹಾಳಾಗುವುದು. ಡಿಸ್ಟ್ರಿಬ್ಯೂಟರ್ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದು ನಮ್ಮ ಗೋಡೌನಿನಾಗೂ ಹಿಂಗೇ ಆಗ್ತದೇನ್ರೀ?" ಅಲ್ಲಿಂದ ಮುಂದೆ ಮಾತು ಪೂರ್ತಿ ಸ್ಟೋರೇಜಿನದ್ದು. ಮಿದುಳನ್ನು ಎಲ್ಲರೂ ಮರೆತರು.

ಯಜಮಾನರು ಒಪ್ಪಿದ್ದು ಸಂಜೆ. ಇಲಿಯಿಂದಲೂ ಅಲ್ಲ, ಸಕ್ಕರೆಯಿಂದಲೂ ಅಲ್ಲ. 2006ರ ಆಹಾರ ಕಾಯ್ದೆಯ 53ನೇ ಸೆಕ್ಷನ್ ತೋರಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ. "ಇದನ್ನ ಮೊದ್ಲೇ ಹೇಳೂದಲ್ವಾ ಮಾರಾಯ್ತಿ!" ಅಂದರು. ಅವರು ಹೇಳಿದ್ದು ಸರಿ. ದುಡ್ಡಿನ ಮನುಷ್ಯರಿಗೆ ಎಂಡಿಎ ತೋರಿಸಿದ್ದೇ ನನ್ನ ದಡ್ಡತನ. ಈಗ ಯಾರಿಗೂ ಪೇಪರ್ ಕೊಡುವುದಿಲ್ಲ. ಏನಿದೆ, ಏನಿಲ್ಲ, ದಂಡ ಎಷ್ಟು ಅಂತ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಕೊಡುತ್ತೇನೆ. ಹೈಲೈಟರ್ ಪ್ಯಾಕಿಂಗಿನವರಿಗೆ ಕೊಟ್ಟೆ.

ಗುರಾಣಿ ಹಣ್ಣಿನ ಜಾಗದಲ್ಲಿ ‘ತಂಪು, ನೆರಳಿನ ಜಾಗದಲ್ಲಿ ಇಡಿ’ ಅಂತ ಬಂತು. ಆದರೆ ಡಿಸೈನ್ ಖರ್ಚು ನನ್ನ ಸೆಕ್ಷನ್ನಿನ ಲೆಕ್ಕಕ್ಕೆ ಬಿತ್ತು. ಅದೇ ನೆಪದಲ್ಲಿ ಬಣ್ಣ ಅಳೆಯುವ ಸ್ಪೆಕ್ಟ್ರೋಗೆ ಕೇಳಿದ್ದ ಟಂಗ್‌ಸ್ಟನ್ ಲ್ಯಾಂಪ್ ಮುಂದಿನ ಸೀಸನ್ನಿಗೆ ಹೋಯಿತು. ಹಳೇದು ರೀಡಿಂಗ್ ನಡುವೆ ಮಿಣಮಿಣ ಅನ್ನುತ್ತದೆ. ಒಂದೊಂದು ಸ್ಯಾಂಪಲ್ಲನ್ನೂ ಮೂರು ಮೂರು ಸಲ ಓದುತ್ತಾ ಕೂತಿದ್ದೇನೆ.