ಹದಿತಾದ 17 ಸಹಿಗಳು

ಧ್ವನಿ ವರದಿಗಾರಿಕೆಗಿರುವ 2025ರ ಪುಲಿಟ್ಜರ್ ಪ್ರಶಸ್ತಿ ‘ಇನ್ ದ ಡಾರ್ಕ್’ ಪಾಡ್‌ಕಾಸ್ಟ್‌ಗೆ ಬಂದದ್ದು ನನಗೆ ನಿಜಕ್ಕೂ ಸಮಾಧಾನ ತಂದಿದೆ. 2005ರ ನವೆಂಬರ್ 19ರಂದು ಇರಾಕಿನ ಹದಿತಾದಲ್ಲಿ ಅಮೆರಿಕದ ಮರೀನ್ ಸೈನಿಕರು ಮನೆಗಳಿಗೆ ನುಗ್ಗಿ, ಹೆಂಗಸರು ಮಕ್ಕಳೆನ್ನದೆ ಗುಂಡಿಟ್ಟು ಕೊಂದರು. ಅದಕ್ಕಾಗಿ ಯಾರೊಬ್ಬರೂ ಜೈಲು ಕಾಣಲಿಲ್ಲ.

ಈ ಹತ್ಯೆಗಳ ಬಗ್ಗೆ ಪಾಡ್‌ಕಾಸ್ಟ್ ತಂಡ ನಡೆಸಿದ ನಾಲ್ಕು ವರ್ಷದ ತನಿಖೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ. ಸೇನೆ ಬಚ್ಚಿಟ್ಟಿದ್ದ, ಸತ್ತವರ ಫೋಟೊಗಳಿಗಾಗಿ ವರದಿಗಾರರು ಕೋರ್ಟಿಗೆ ಹೋದರು. ಕೊಟ್ಟರೆ ಸತ್ತವರ ಮನೆಯವರಿಗೆ ನೋವಾಗುತ್ತದೆ ಅಂತ ಸೇನೆಯ ವಾದ. ಆಗ ತಮ್ಮವರನ್ನು ಕಳೆದುಕೊಂಡಿದ್ದ ಇಬ್ಬರು ಮನೆಮನೆಗೆ ಹೋಗಿ, ಫೋಟೊ ಕೊಡಿ ಎಂದು 17 ಜನರ ಸಹಿ ಮಾಡಿಸಿ ತಂದರು. ಹೆತ್ತವರ, ಒಡಹುಟ್ಟಿದವರ ಹೆಣದ ಚಿತ್ರ ಹೊರಗೆ ಬರಲಿ ಅಂತ ಸಹಿ ಹಾಕಲು ಎಂಥ ಗಟ್ಟಿ ಜೀವ ಬೇಕು! ಈ ಪ್ರಶಸ್ತಿಯಲ್ಲಿ ಅವರ ಪಾಲು ದೊಡ್ಡದು. 2024ರಲ್ಲಿ, ಮನೆಯವರ ಒಪ್ಪಿಗೆ ಪಡೆದು, ಕೆಲವು ಫೋಟೊಗಳು ಪ್ರಕಟವಾದವು.