ರಬ್ಬರ್ ಹಾಲಿನ ವಾಸನೆ ಗೊತ್ತಿದ್ದೂ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ವಸ್ತುಪ್ರದರ್ಶನಗಳಿಗೆ, ಕಚೇರಿಗಳ ಗಾಜಿನ ಪೆಟ್ಟಿಗೆಗಳಿಗೆ ವಿಮಾನ, ಹೆಲಿಕಾಪ್ಟರ್‌ಗಳ ಮಾದರಿ ಮಾಡಿಕೊಡುತ್ತೇವೆ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ವಿಮಾನ ಪ್ರದರ್ಶನ ಏರೋ ಇಂಡಿಯಾ ಹತ್ತಿರ ಬಂತೆಂದರೆ ನಮಗೆ ಸುಗ್ಗಿ. ನಾನಿರುವುದು ಬಣ್ಣದ ವಿಭಾಗದಲ್ಲಿ. ವಿಭಾಗ ಎಂದರೆ ನಾನು, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಮೇಸ್ತ್ರಿ ಮತ್ತು ಸದಾ ಗುರುಗುಡುವ ಒಂದು ಕಂಪ್ರೆಸರ್.

ಆ ಸಲ ಬಂದದ್ದು ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸಾರಂಗ್ ತಂಡದ ಧ್ರುವ ಹೆಲಿಕಾಪ್ಟರ್, 1:24 ಅಳತೆಯಲ್ಲಿ. ನಿಜವಾದ ಧ್ರುವ ತನ್ನ ರೆಕ್ಕೆ ತಿರುಗುವಾಗ 15.87 ಮೀಟರ್ ಉದ್ದ. ನಮ್ಮ ಮೇಜಿನ ಮೇಲೆ ಅದು 66 ಸೆಂಟಿಮೀಟರ್. ಕೆಂಪು ಮೈ, ಅದರ ಮೇಲೆ ನವಿಲು, ಮೂತಿಯ ತುಂಬ ಉಬ್ಬು ಕಿಟಕಿಗಳು. ಬಣ್ಣ ತಾಗದಂತೆ ಟೇಪ್ ಅಂಟಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಚಪ್ಪಟೆ ಟೇಪನ್ನು ಎರಡು ದಿಕ್ಕಿಗೆ ಬಾಗಿದ ಮೈಯ ಮೇಲೆ ಕೂರಿಸಿದರೆ ಎಲ್ಲಾದರೂ ಒಂದು ಕಡೆ ನೆರಿಗೆ ಏಳಲೇಬೇಕು, ಆ ನೆರಿಗೆಯೊಳಗೆ ಬಣ್ಣ ನುಗ್ಗಲೇಬೇಕು.

ಇಂಥ ಜಾಗಕ್ಕೆಂದೇ ಇರುವುದು ದ್ರವದ ಮಾಸ್ಕ್. ಬಣ್ಣ ಬೀಳಬಾರದ ಕಡೆ ಹಚ್ಚುತ್ತೇವೆ, ಅದು ಒಣಗಿ ತೆಳುವಾದ ರಬ್ಬರ್ ಪೊರೆಯಾಗುತ್ತದೆ, ಮೇಲೆ ಬಣ್ಣ ಹೊಡೆದು ಪೊರೆಯನ್ನು ಸುಲಿಯುತ್ತೇವೆ. ಹಂಬ್ರೋಲ್‌ನ ನೇರಳೆ ಬಣ್ಣದ ಮಾಸ್ಕಾಲ್, ಒಣಗಿದ ಮೇಲೆ ಬ್ಲೇಡಿನಿಂದ ಕತ್ತರಿಸಬಹುದಾದ ಜಪಾನಿನ ಮಾಸ್ಕಿಂಗ್ ಸಾಲ್ ನಿಯೋ, ಹೀಗೆ ಹಲವು ಬಗೆ ಸಿಗುತ್ತವೆ. ಹೆಸರು ಏನೇ ಇರಲಿ, ಇವುಗಳಲ್ಲಿ ಅನೇಕದರ ಒಳಗಿರುವುದು ರಬ್ಬರ್ ಹಾಲು, ಹಾಲು ಹೆಪ್ಪುಗಟ್ಟದಂತೆ ತಡೆಯುವ ಅಮೋನಿಯಾ.

ಈ ಮಾತು ಬೇರೆಯವರಿಗೆ ಹೊಸದಿರಬಹುದು, ನನಗಲ್ಲ. ನಾನು ಸುಳ್ಯದ ಕಡೆಯವನು. ಬೆಳಿಗ್ಗೆ ಅಪ್ಪ ಮರ ಕೆತ್ತಿ ಬಂದ ಮೇಲೆ ಗೆರಟೆಗಳಿಂದ ಹಾಲು ಸುರಿದು ತರುವುದು ನನ್ನ ಪಾಲಿನ ಕೆಲಸವಾಗಿತ್ತು. ಶೀಟ್ ಮಾಡುವ ದಿನ ಆಸಿಡ್ ಹಾಕಿ ಹೆಪ್ಪುಗಟ್ಟಿಸುತ್ತಿದ್ದೆವು. ಹಾಲನ್ನೇ ಮಾರುವ ದಿನ ಹೆಪ್ಪಾಗದಿರಲಿ ಎಂದು ಅಮೋನಿಯಾ. ಕ್ಯಾನಿನ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು. ಕಾರ್ಖಾನೆಯಲ್ಲಿ ಮೊದಲ ಬಾರಿ ಆ ಪುಟ್ಟ ಬಾಟಲಿ ತೆರೆದಾಗ ಸೀದಾ ಊರಿನ ಹೊಗೆಮನೆಯ ಅಂಗಳದಲ್ಲಿ ನಿಂತಂತಾಗಿತ್ತು. ಮೂಗು ಎಲ್ಲವನ್ನೂ ಹೇಳಿತ್ತು. ತಲೆ ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ನವಿಲಿನ ಕೆಲಸ ಚೆನ್ನಾಗಿಯೇ ಸಾಗಿತ್ತು. ಗರಿಯ ಕಣ್ಣುಗಳಿಗೆ ಮೊದಲು ಒಳಗಿನ ಬಣ್ಣ, ಅದರ ಮೇಲೆ ಹಲ್ಲುಕಡ್ಡಿಯ ತುದಿಯಿಂದ ಮಾಸ್ಕಿನ ಒಂದು ಚುಕ್ಕಿ, ಆಮೇಲೆ ಸುತ್ತಲಿನ ಬಣ್ಣ, ಮತ್ತೆ ಮಾಸ್ಕ್. ಕೊನೆಗೆ ಕಾಣಬೇಕಾದ್ದನ್ನು ಮೊದಲೇ ಬಳಿದು ಮುಚ್ಚಿಡುವ ಈ ತಿರುಗುಮುರುಗು ಲೆಕ್ಕ ನನಗೆ ಇಷ್ಟ. ಎಲ್ಲ ಮುಗಿದು ಬೆರಳಿಂದ ಉಜ್ಜಿದಾಗ ಪೊರೆಗಳು ಸುರುಳಿಯಾಗಿ ಉದುರಿ ಕೆಳಗಿನ ಬಣ್ಣ ಒಮ್ಮೆಗೇ ಹೊರಬರುವ ಕ್ಷಣಕ್ಕಾಗಿ ಎಷ್ಟು ಬೇಕಾದರೂ ಬೆನ್ನುನೋವು ಸಹಿಸಬಹುದು.

ಕೆಟ್ಟದ್ದು ಕಿಟಕಿಗಳಲ್ಲಿ. ಅವನ್ನು ಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಪಾರದರ್ಶಕ ಹಾಳೆಯಿಂದ ಅಚ್ಚು ತೆಗೆದಿದ್ದೆವು. ಹೊಳಪು ಬರಲೆಂದು, ಮಾದರಿ ಮಾಡುವವರಲ್ಲಿ ಹಳೆಯದಾದ ಉಪಾಯದಂತೆ, ನೆಲಕ್ಕೆ ಹಚ್ಚುವ ಅಕ್ರಿಲಿಕ್ ಪಾಲಿಶಿನಲ್ಲಿ ಅದ್ದಿ ಒಣಗಿಸಿದ್ದೆ. ಅದರ ಮೇಲೆ ಮಾಸ್ಕ್ ಬಳಿದೆ. ಕೆಂಪು ಬಣ್ಣ ಹೊಡೆದಾಗ ಆಯುಧಪೂಜೆಗೆ ಎರಡು ದಿನ ಬಾಕಿ. ಕಂಪ್ರೆಸರ್‌ಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಬಾಗಿಲು ಹಾಕಿ ಊರಿಗೆ ಹೋದೆವು.

ಮರಳಿ ಬಂದು ಸುಲಿದರೆ ಕಿಟಕಿಗಳೆಲ್ಲ ಮಂಜು ಹಿಡಿದಂತಿವೆ. ಒರೆಸಿದರೆ ಹೋಗುವ ಮಂಜಲ್ಲ. ಪೊರೆಯ ಅಂಚು ಇದ್ದ ಕಡೆ ಭೂಪಟದಂಥ ಗೆರೆ ಬೇರೆ.

"ಅಷ್ಟು ದಿನ ಬಿಟ್ಟರೆ ಇನ್ನೇನಾಗುತ್ತದೆ?" ಎಂದರು ಮೇಸ್ತ್ರಿ. ನಾನೂ ಹಾಗೆಯೇ ತಿಳಿದೆ. ದ್ರವದ ಮಾಸ್ಕನ್ನು ಹೆಚ್ಚು ದಿನ ಬಿಡಬಾರದು ಎನ್ನುವುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು, ಸುಳ್ಳೂ ಅಲ್ಲ. ಆದರೆ ರಜೆಯ ಮೇಲೆ ತಪ್ಪು ಹೊರಿಸುವುದು ತೀರ ಸುಲಭವಾಯಿತೇನೋ ಎನ್ನಿಸಿತು. ಉಳಿದ ಹಾಳೆಯ ಎರಡು ತುಂಡು ತೆಗೆದುಕೊಂಡೆ. ಪಾಲಿಶ್ ಇಲ್ಲದ ತುಂಡಿಗೆ ಮಾಸ್ಕ್ ಹಚ್ಚಿ ಐದು ದಿನ ಬಿಟ್ಟೆ. ಪಾಲಿಶ್ ಮಾಡಿದ ತುಂಡಿಗೆ ಹಚ್ಚಿ ಒಣಗಿದ ಕೂಡಲೇ, ಅರ್ಧ ಗಂಟೆಯಲ್ಲಿ, ಸುಲಿದೆ. ಐದು ದಿನದ್ದು ಹಟ ಮಾಡಿಕೊಂಡು ಬಂತು, ತುಂಡು ತುಂಡಾಗಿ ಬಂತು, ಆದರೆ ಕೆಳಗೆ ಸ್ವಚ್ಛ. ಅರ್ಧ ಗಂಟೆಯದರ ಕೆಳಗೆ ಅದೇ ಮಂಜು.

ಆಮೇಲೆ ಹೊಳೆಯಿತು. ನೆಲದ ಪಾಲಿಶ್ ಹಳತಾದಾಗ ಅದನ್ನು ಎಬ್ಬಿಸಿ ತೆಗೆಯುವುದೇ ಅಮೋನಿಯಾ ಬೆರೆತ ನೀರಿನಿಂದ. ಅದಕ್ಕೆ ಕರಗುವಂತೆಯೇ ಆ ಪಾಲಿಶ್ ತಯಾರಾಗಿರುತ್ತದೆ. ಹಸಿ ಮಾಸ್ಕ್ ಮೈಮೇಲೆ ಕೂತು ಒಣಗುವಷ್ಟರಲ್ಲಿ ಅದರ ಅಮೋನಿಯಾ ಪಾಲಿಶನ್ನು ಮೆದುಮಾಡಿ ಕದಡಿತ್ತು. ನವಿಲಿಗೆ ಏನೂ ಆಗದಿದ್ದದ್ದು ನನ್ನ ಜಾಣತನದಿಂದಲ್ಲ. ಅಲ್ಲಿದ್ದದ್ದು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಿದ, ಕಾರುಗಳಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣ, ಅಷ್ಟಕ್ಕೆಲ್ಲ ಜಗ್ಗುವಂಥದ್ದಲ್ಲ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವಾಗಿದ್ದರೆ ನವಿಲಿನ ಮೈಮೇಲೂ ಕಲೆ ಏಳಬಹುದಿತ್ತು.

ರಿಪೇರಿಗೆ ಬಂದದ್ದೂ ಅಮೋನಿಯಾವೇ. ಅದು ಬೆರೆತ ಗಾಜು ಒರೆಸುವ ದ್ರವದಲ್ಲಿ ಹತ್ತಿ ಅದ್ದಿ ಕಿಟಕಿಯ ಪಾಲಿಶನ್ನು ಪೂರ್ತಿ ತೆಗೆದೆ, ತೊಳೆದೆ, ಒಣಗಿಸಿದೆ. ಆಮೇಲೆ ಮೃದುವಾದ ಕುಂಚದಲ್ಲಿ ಹೊಸ ಪಾಲಿಶ್ ಎಳೆದೆ. ಕೆಳಗಿದ್ದದ್ದು ಸ್ಟೈರೀನ್ ಆದ್ದರಿಂದ ಬಚಾವಾದೆ. ಪಾಲಿಕಾರ್ಬೊನೇಟ್ ಆಗಿದ್ದರೆ ಅಮೋನಿಯಾ ಮುಟ್ಟಿಸುವಂತಿಲ್ಲ, ಬಿರುಕು ಬಿಡುತ್ತದೆ.

ಅಂದಿನಿಂದ ನಮ್ಮ ಬೂತಿನಲ್ಲಿ ಹೊಳಪು ಕೊನೆಗೆ, ಮಾಸ್ಕ್ ಮೊದಲಿಗೆ. ಇನ್ನೂ ಒಂದೆರಡು ಅಭ್ಯಾಸ ಬದಲಾದವು. ದ್ರವವನ್ನು ಕಿಟಕಿಯ ಅಂಚಿನವರೆಗೂ ಎಳೆಯುವುದನ್ನು ಬಿಟ್ಟೆ. ಅದು ಒಣಗುವಾಗ ಅಂಚಿನಿಂದ ಹಿಂದೆ ಸರಿದು ನಡುವೆ ಗುಡ್ಡೆಯಾಗುತ್ತದೆ. ಅಂಚು ತೀರ ತೆಳುವಾಗಿ, ಸುಲಿಯುವಾಗ ಹರಿದು ಅಲ್ಲೇ ಉಳಿಯುತ್ತದೆ. ಈಗ ಅಂಚಿಗೆ ಒಂದೆರಡು ಮಿಲಿಮೀಟರ್ ಅಗಲದ ಟೇಪಿನ ಎಳೆ, ನಡುವಿನ ಬಯಲಿಗೆ ಮಾತ್ರ ದ್ರವ, ಅದೂ ಎರಡು ಕೋಟ್. ಬಾಟಲಿಯನ್ನು ಕುಲುಕುವುದಿಲ್ಲ, ಕುಲುಕಿದರೆ ಗುಳ್ಳೆ, ಗುಳ್ಳೆ ಒಡೆದರೆ ತೂತು. ಕುಂಚವನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಅದ್ದಿಕೊಳ್ಳುತ್ತೇನೆ. ಇಲ್ಲದಿದ್ದರೆ ಹಾಲು ಕೂದಲ ಬುಡದಲ್ಲಿ ರಬ್ಬರಾಗಿ, ಕುಂಚ ಕಸದ ಬುಟ್ಟಿಗೆ. ಎಂಟು ಕುಂಚ ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು, ಮೇಸ್ತ್ರಿ ಲೆಕ್ಕದಲ್ಲಿ ಹನ್ನೊಂದು.

ಮಾದರಿಯನ್ನು ಒಯ್ಯಲು ಬಂದವರು ನವಿಲನ್ನು ಹೊಗಳಿದರು, ಕಿಟಕಿಯತ್ತ ನೋಡಲೂ ಇಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಈಗ ಯಾವ ಹೊಸ ಬಾಟಲಿ ಬಂದರೂ ಮೊದಲು ಮುಚ್ಚಳ ತೆಗೆದು ಮೂಸುತ್ತೇನೆ. "ಏನಯ್ಯ, ಊರು ನೆನಪಾಯಿತೇ?" ಎಂದು ಮೇಸ್ತ್ರಿ ಪ್ರತಿ ಸಲವೂ ಕೇಳುತ್ತಾರೆ.