ಅವನಿಗೆ ಕಾಣಬಾರದು

ಪಕ್ಕದ ಮನೆಯ ಭಾವ ಬೆಳಗ್ಗೆಯಿಂದ ತಂತಿ ಬೇಲಿಗೆ ಅಡಿಕೆ ಮರ ಸೀಳಿದ ದಬ್ಬೆ ಕಟ್ಟುತ್ತಿದ್ದಾರೆ.

"ತಂತಿ ಗಟ್ಟಿಯಾಗಿಯೇ ಇದೆಯಲ್ಲ, ದಬ್ಬೆ ಯಾಕೆ ಭಾವ?" ಎಂದೆ.

"ಅವನಿಗೆ ಹೊರಗಿನದು ಕಾಣಬಾರದು."

ಅವನು ಎಂದರೆ ಮುಧೋಳ ನಾಯಿ. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ. ಅಷ್ಟರಲ್ಲಿ ಆಚೆಯ ಹುಲ್ಲಿನ ಬೇಣಕ್ಕೆ ನವಿಲೊಂದು ಇಳಿಯಿತು. ನಾಯಿ ಬೊಗಳಲೇ ಇಲ್ಲ. ಕಿವಿ ನಿಮಿರಿತು, ತೊಡೆ ಸಣ್ಣಗೆ ಅದುರತೊಡಗಿತು. ಭಾವ ಹೆಸರು ಹಿಡಿದು ಕರೆದರು, ಬೈದರು, ಬಿಸ್ಕತ್ತು ತೋರಿಸಿದರು. ಅವನು ಈ ಲೋಕದಲ್ಲೇ ಇರಲಿಲ್ಲ!

ಬೇಲಿಯ ಬುಡ ತೋಡಿ ನುಸುಳದಂತೆ ಚಪ್ಪಡಿ ಕಲ್ಲು ಹುಗಿದಿದ್ದಾರೆ. ಹಳೆಯ ದಣಪೆಯ ಜಾಗಕ್ಕೆ ಶಿರಸಿಯಿಂದ ಕಬ್ಬಿಣದ ಗೇಟು ಬಂದಿದೆ. ಓಟವೆಲ್ಲ ಬೇಲಿಯೊಳಗೆ, ಹೊರಗೆ ಹೊರಟರೆ ಹಗ್ಗ ಕೈಯಲ್ಲಿ.

"ನಾಯಿಗೆ ಇಷ್ಟು ಖರ್ಚೇ?" ಎಂದು ಊರಿನವರು ನಗುತ್ತಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಎಂದು ಹೆಮ್ಮೆಯಿಂದ ಮರಿ ತಂದು, ಬೆಳೆದ ಮೇಲೆ ಊರಾಡಲು ಬಿಡುವವರನ್ನು ಕಂಡರೆ ಮಾತ್ರ ಯಾರಿಗೂ ನಗು ಬರುವುದಿಲ್ಲ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮೊಲವಿದೆ, ಕಾಡುಕುರಿಯಿದೆ, ಕೆಳಗಿನ ಮನೆಯವರ ಕೋಳಿಗಳೂ ಅಲ್ಲೇ ಕೆದಕುತ್ತವೆ. ನವಿಲನ್ನೇನಾದರೂ ಹಿಡಿದರೆ ಅರಣ್ಯ ಇಲಾಖೆಯವರು ವಿಚಾರಿಸುವುದು ನಾಯಿಯನ್ನಲ್ಲ, ಭಾವನನ್ನು.